ಮೌಸ್ ನಮ್ಮದು, ಅದರ ಸೆಟ್ಟಿಂಗ್ ಯಾರದ್ದು?

2026ರ ಜನವರಿ ಮೊದಲ ವಾರದಲ್ಲಿ ಮ್ಯಾಕ್ ಕಂಪ್ಯೂಟರ್ ಬಳಸುವ ಅನೇಕರ ಲಾಜಿಟೆಕ್ ಮೌಸ್‌ಗಳು ಕಲಿತದ್ದನ್ನೆಲ್ಲ ಒಟ್ಟಿಗೇ ಮರೆತವು. ಪಾಯಿಂಟರ್ ಓಡಾಡುತ್ತಿತ್ತು, ಎಡ ಬಲದ ಬಟನ್‌ಗಳು ಒತ್ತಿದರೆ ಕೆಲಸ ಮಾಡುತ್ತಿದ್ದವು. ಆದರೆ ಹೆಬ್ಬೆರಳಿನ ಬಟನ್‌ಗೆ ಬಳಕೆದಾರರು ವಹಿಸಿದ್ದ ಕೆಲಸ, ಸ್ಕ್ರಾಲ್ ಚಕ್ರ ತಿರುಗುವ ದಿಕ್ಕು, ಬೇರೆ ಬೇರೆ ತಂತ್ರಾಂಶಗಳಿಗೆಂದು ಮಾಡಿಕೊಂಡಿದ್ದ ಹೊಂದಾಣಿಕೆ ಇವೆಲ್ಲ ನಿಂತುಹೋಗಿದ್ದವು. ಮೌಸ್‌ನ ಒಳಗೆ ಏನೂ ಕೆಟ್ಟಿರಲಿಲ್ಲ. ಆಪ್ಷನ್ಸ್ ಪ್ಲಸ್ ಮತ್ತು ಜಿ ಹಬ್ ಎಂಬ ತನ್ನ ತಂತ್ರಾಂಶಗಳಿಗೆ ಕಂಪನಿ ಬಳಸುತ್ತಿದ್ದ, ಅವು ಅಸಲಿಯೆಂದು ಕಂಪ್ಯೂಟರ್‌ಗೆ ತೋರಿಸುವ ಡಿಜಿಟಲ್ ಪ್ರಮಾಣಪತ್ರದ ಅವಧಿ ಮುಗಿದಿತ್ತು ಮತ್ತು ಅದನ್ನು ನವೀಕರಿಸುವುದು ಬಿಟ್ಟುಹೋಗಿತ್ತು. ತಂತ್ರಾಂಶ ತನ್ನನ್ನು ತಾನೇ ಪರಿಷ್ಕರಿಸಿಕೊಳ್ಳುವ ಭಾಗವೂ ಅದೇ ಕಾರಣಕ್ಕೆ ಕೈಕೊಟ್ಟಿದ್ದರಿಂದ, ಸರಿಪಡಿಸಿದ ಆವೃತ್ತಿಯನ್ನು ಬಳಕೆದಾರರೇ ಹುಡುಕಿ, ಇಳಿಸಿಕೊಂಡು, ಕೈಯಾರೆ ಹಾಕಬೇಕಾಯಿತು.

ಮ್ಯಾಕ್ ಬಳಸುವವರು ಉತ್ತರ ಕನ್ನಡದಲ್ಲಿ ಎಷ್ಟು ಮಂದಿ ಎಂದು ಕೇಳಬಹುದು. ಹೆಚ್ಚಿಲ್ಲ, ನಿಜ. ಆದರೆ ಈ ಘಟನೆ ಎತ್ತುವ ಪ್ರಶ್ನೆ ಮ್ಯಾಕ್‌ಗೆ ಸೀಮಿತವಾದದ್ದಲ್ಲ. ಶಿರಸಿಯ ಮುದ್ರಣಾಲಯದಲ್ಲಿ ಲಗ್ನಪತ್ರಿಕೆಯನ್ನೂ ಯಕ್ಷಗಾನದ ಕರಪತ್ರವನ್ನೂ ವಿನ್ಯಾಸ ಮಾಡುವವರು, ಸಿದ್ದಾಪುರ ಯಲ್ಲಾಪುರದ ಹಳ್ಳಿಮನೆಗಳಲ್ಲಿ ಕುಳಿತು ಬೆಂಗಳೂರಿನ ಕಂಪನಿಗಳಿಗೆ ದುಡಿಯುವವರು, ಕಾರವಾರದ ನ್ಯಾಯಾಲಯದ ಸುತ್ತಮುತ್ತ ಟೈಪಿಂಗ್ ಮಾಡಿಕೊಡುವವರು, ಸಹಕಾರಿ ಸಂಘಗಳ ಸಿಬ್ಬಂದಿ, ಇವರೆಲ್ಲ ದಿನದ ಬಹುಪಾಲು ಮೌಸ್ ಹಿಡಿದೇ ಕಳೆಯುತ್ತಾರೆ. ಕೈನೋವಿಗೋ ಕೆಲಸದ ವೇಗಕ್ಕೋ ಒಳ್ಳೆಯ ಮೌಸ್ ಬೇಕೆಂದು ಸಾವಿರಾರು ರೂಪಾಯಿ ಕೊಡುವವರ ಸಂಖ್ಯೆ ಇವರಲ್ಲಿ ಹೆಚ್ಚುತ್ತಿದೆ. ಹಾಗೆ ಕೊಟ್ಟ ಹಣದಲ್ಲಿ ಒಂದು ಪಾಲು ಕೈಯಲ್ಲಿ ಹಿಡಿಯುವ ವಸ್ತುವಿಗೆ ಸಲ್ಲುತ್ತದೆ, ಇನ್ನೊಂದು ಪಾಲು ಆ ವಸ್ತುವನ್ನು ನಿಯಂತ್ರಿಸುವ ತಂತ್ರಾಂಶಕ್ಕೆ ಸಲ್ಲುತ್ತದೆ. ಮೊದಲನೆಯದು ಕೆಟ್ಟರೆ ನಮ್ಮ ಊರಿನಲ್ಲೇ ರಿಪೇರಿಯಾಗುತ್ತದೆ. ಎರಡನೆಯದು ಕೆಟ್ಟರೆ, ಅದನ್ನು ಯಾವಾಗ ಸರಿಪಡಿಸಬೇಕು, ಸರಿಪಡಿಸಬೇಕೇ ಬೇಡವೇ ಎಂಬುದನ್ನೆಲ್ಲ ಬೇರೆಲ್ಲೋ ಕುಳಿತವರು ತೀರ್ಮಾನಿಸುತ್ತಾರೆ. ಮೌಸ್‌ನ ಗುಣಮಟ್ಟವನ್ನು ಅಳೆಯುವಾಗ ನಾವು ಲೆಕ್ಕಕ್ಕೆ ತೆಗೆದುಕೊಳ್ಳದಿರುವುದು ಇದನ್ನೇ.

ಯಂತ್ರಾಂಶದ ಕಥೆ ಬಹುಮಟ್ಟಿಗೆ ಸುಖಾಂತವಾದದ್ದು. ಡಗ್ಲಸ್ ಎಂಗೆಲ್‌ಬಾರ್ಟ್ ಮತ್ತು ಬಿಲ್ ಇಂಗ್ಲಿಷ್ 1964ರಲ್ಲಿ ರೂಪಿಸಿದ ಮೊದಲ ಮೌಸ್ ಮರದ ಪೆಟ್ಟಿಗೆಯೊಳಗೆ ಎರಡು ಚಕ್ರಗಳನ್ನು ಹೊಂದಿತ್ತು. 1968ರ ಡಿಸೆಂಬರ್ 9ರಂದು ಅದರ ಸಾರ್ವಜನಿಕ ಪ್ರದರ್ಶನ ನಡೆಯಿತು. ಆಮೇಲೆ ಬಂದ ಚೆಂಡಿನ ಮೌಸ್‌ನ ಹೊಟ್ಟೆ ಬಿಚ್ಚಿ, ಒಳಗಿನ ಉರುಳೆಗಳಿಗೆ ಸುತ್ತಿಕೊಂಡ ಕಸವನ್ನು ಉಗುರಿನಿಂದ ಕೆರೆದು ತೆಗೆದ ತಲೆಮಾರು ಇನ್ನೂ ಕಚೇರಿಗಳಲ್ಲಿದೆ. 1999ರಲ್ಲಿ ಮೈಕ್ರೋಸಾಫ್ಟ್‌ನ ಇಂಟೆಲಿಮೌಸ್ ಎಕ್ಸ್‌ಪ್ಲೋರರ್ ಬಂದ ಮೇಲೆ ಆ ಕೆಲಸ ತಪ್ಪಿತು. ಅಡಿಯಲ್ಲಿರುವ ಪುಟ್ಟ ಸೆನ್ಸರ್ ಮೇಜಿನ ಮೇಲ್ಮೈಯ ಚಿತ್ರವನ್ನು ಸೆಕೆಂಡಿಗೆ ಸಾವಿರಾರು ಬಾರಿ ತೆಗೆದು, ಹಿಂದಿನ ಚಿತ್ರಕ್ಕೂ ಈಗಿನದಕ್ಕೂ ಇರುವ ವ್ಯತ್ಯಾಸದಿಂದ ಚಲನೆಯನ್ನು ಲೆಕ್ಕ ಹಾಕುತ್ತದೆ. ಇಂದು ಈ ಸೆನ್ಸರ್‌ಗಳು ಎಷ್ಟು ಪಕ್ವವಾಗಿವೆಯೆಂದರೆ, ಕಚೇರಿ ಕೆಲಸದ ಮಟ್ಟಿಗೆ ಐನೂರು ರೂಪಾಯಿಯ ಮೌಸ್‌ಗೂ ಹತ್ತು ಸಾವಿರದ ಮೌಸ್‌ಗೂ ಪಾಯಿಂಟರ್‌ನ ನಿಖರತೆಯಲ್ಲಿ ಹೇಳಿಕೊಳ್ಳುವಂಥ ಅಂತರ ಕಾಣುವುದಿಲ್ಲ. ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಅಚ್ಚು ಹಾಕುವ ಡಿಪಿಐ ಅಂಕಿ (ಮೌಸ್ ಒಂದು ಅಂಗುಲ ಸರಿದರೆ ಪಾಯಿಂಟರ್ ಎಷ್ಟು ಚುಕ್ಕಿ ಸರಿಯುತ್ತದೆ ಎಂಬ ಲೆಕ್ಕ) ಮಾರಾಟಗಾರರಿಗೆ ಉಪಯುಕ್ತ, ಪಹಣಿ ತೆಗೆಯುವವರಿಗಲ್ಲ.

ಹಾಗಾದರೆ ಒಳ್ಳೆಯ ಯಂತ್ರಾಂಶವೆಂದರೆ ಏನು? ಕೈಯ ಅಳತೆಗೆ ಹೊಂದುವ ಆಕಾರ, ಸ್ವಿಚ್‌ಗಳು, ಸ್ಕ್ರಾಲ್ ಚಕ್ರದ ತಿರುಗುವಿಕೆಯನ್ನು ಅಳೆಯುವ ಎನ್‌ಕೋಡರ್, ಮೇಲ್ಪದರದ ವಸ್ತು, ಬ್ಯಾಟರಿ. ನಮ್ಮ ಜಿಲ್ಲೆಯ ಹವೆ ಪರೀಕ್ಷೆಗೊಡ್ಡುವುದೂ ಇವುಗಳನ್ನೇ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುವ, ಉಪ್ಪುಗಾಳಿ ಮನೆಯೊಳಗಿನ ಕಬ್ಬಿಣವನ್ನೂ ಬಿಡದ ಕರಾವಳಿಯಲ್ಲಿ, ಆಷಾಢ ಶ್ರಾವಣದ ಹೊತ್ತಿಗೆ ಗೋಡೆ ಬಟ್ಟೆ ಪುಸ್ತಕಗಳಿಗೆಲ್ಲ ಬೂಷ್ಟು ಹಿಡಿಯುವ ಘಟ್ಟದ ಮೇಲಿನ ಊರುಗಳಲ್ಲಿ, ಮೌಸ್ ಹಾಳಾಗುವ ರೀತಿ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಊಹಿಸಿದಂತಿರುವುದಿಲ್ಲ.

ಎಲ್ಲರಿಗೂ ಪರಿಚಿತವಾದ ಡಬಲ್ ಕ್ಲಿಕ್ ರೋಗವನ್ನೇ ನೋಡಬಹುದು. ಒಮ್ಮೆ ಒತ್ತಿದರೆ ಎರಡು ಬಾರಿ ಒತ್ತಿದಂತಾಗುವುದು, ಫೈಲನ್ನು ಎಳೆದುಕೊಂಡು ಹೋಗುವಾಗ ನಡುವೆಯೇ ಕೈಬಿಟ್ಟುಹೋಗುವುದು ಇದರ ಲಕ್ಷಣ. ಬಟನ್‌ನ ಕೆಳಗಿರುವ ಮೈಕ್ರೋಸ್ವಿಚ್‌ನಲ್ಲಿ ತೆಳುವಾದ ಲೋಹದ ಎಲೆಯೊಂದು ಬಾಗಿ ಇನ್ನೊಂದು ಲೋಹಕ್ಕೆ ತಾಗುತ್ತದೆ. ತಾಗುವ ಜಾಗದಲ್ಲಿ ತೇವದಿಂದ, ಉಪ್ಪಿನ ಅಂಶದಿಂದ ಕಿಲುಬು ಬೆಳೆದರೆ ಸಂಪರ್ಕ ಕಡಿದು ಕೂಡುತ್ತದೆ. ದೊಡ್ಡ ವಿದ್ಯುತ್ ಪ್ರವಾಹ ಹರಿಯುವ ಸ್ವಿಚ್‌ಗಳಲ್ಲಿ ಆ ಪದರ ಪ್ರತಿ ಬಾರಿಯೂ ಸುಟ್ಟುಹೋಗುತ್ತದೆ. ಮೌಸ್‌ನಲ್ಲಿ ಹರಿಯುವುದು ಅತ್ಯಲ್ಪ ಪ್ರವಾಹವಾದ್ದರಿಂದ ಪದರ ಅಲ್ಲೇ ಉಳಿಯುತ್ತದೆ. ಒಮ್ರಾನ್‌ನಂಥ ತಯಾರಕರ ಸ್ವಿಚ್‌ಗಳಿಗೆ 1 ಕೋಟಿ, 2 ಕೋಟಿ, 5 ಕೋಟಿ ಕ್ಲಿಕ್‌ಗಳ ಬಾಳಿಕೆ ಹೇಳಲಾಗುತ್ತದೆ. ದಿನಕ್ಕೆ 5,000 ಕ್ಲಿಕ್ ಎಂದು ಹಿಡಿದರೂ 2 ಕೋಟಿ ಮುಗಿಯಲು 4,000 ಕೆಲಸದ ದಿನಗಳು ಬೇಕು, ಅಂದರೆ ಹದಿಮೂರು ವರ್ಷ. ಅಷ್ಟು ದೂರ ಹೋಗುವ ಮೊದಲೇ, ಎರಡು ಮೂರು ಮಳೆಗಾಲಕ್ಕೇ ಎಷ್ಟೋ ಮೌಸ್‌ಗಳು ಎರಡೆರಡು ಬಾರಿ ಕ್ಲಿಕ್ಕಿಸತೊಡಗುತ್ತವೆ. ಲೋಹದ ಸಂಪರ್ಕದ ಬದಲು ಬೆಳಕಿನ ಕಿರಣವನ್ನು ತಡೆದು ಬಿಡುವ ಆಪ್ಟಿಕಲ್ ಸ್ವಿಚ್‌ಗಳಿಗೆ ಈ ಕಾಯಿಲೆ ಬರುವುದಿಲ್ಲ. ಆಟದ ಮೌಸ್‌ಗಳನ್ನು ಮಾಡುವ ರೇಜರ್ ಕಂಪನಿ 2019ರ ವೈಪರ್ ಮಾದರಿಯಲ್ಲಿ ಅವುಗಳನ್ನು ಬಳಸಿತು. ಆಟದ ಮೌಸ್‌ಗಳಲ್ಲಿ ಅವು ಈಗ ಸಾಮಾನ್ಯವಾಗುತ್ತಿವೆ, ಕಚೇರಿಯ ಮೌಸ್‌ಗಳಲ್ಲಿ ಇನ್ನೂ ವಿರಳ. ಕರಾವಳಿಯವರಿಗೆ ಇದು ಡಿಪಿಐಗಿಂತ ನೂರು ಪಾಲು ಮುಖ್ಯವಾದ ಗುಣ, ಆದರೆ ಅಂಗಡಿಯಲ್ಲಿ ಇದನ್ನು ವಿಚಾರಿಸುವವರು ಕಡಿಮೆ.

ಮೇಲ್ಪದರದ ವಿಷಯವೂ ಹೀಗೆಯೇ. ದುಬಾರಿ ಮೌಸ್‌ಗಳ ಮೇಲಿನ ಮೆತ್ತನೆಯ ರಬ್ಬರಿನಂಥ ಲೇಪನ ಹಲವೊಮ್ಮೆ ಪಾಲಿಯುರೆಥೇನ್ ಜಾತಿಯದು. ಗಾಳಿಯ ತೇವಾಂಶ ಅದರ ಅಣುಬಂಧಗಳನ್ನು ನಿಧಾನವಾಗಿ ಒಡೆಯುತ್ತದೆ, ಕೆಲವು ವರ್ಷಗಳಲ್ಲಿ ಹಲಸಿನ ಮೇಣದಂತೆ ಕೈಗೆ ಅಂಟತೊಡಗುತ್ತದೆ. ಅಗ್ಗದ ಮೌಸ್‌ನ ಗಟ್ಟಿ ಪ್ಲಾಸ್ಟಿಕ್‌ಗೆ ಈ ತೊಂದರೆಯಿಲ್ಲ. ಹೆಚ್ಚು ಹಣ ಕೊಟ್ಟವರಿಗೆ ಹೆಚ್ಚು ಅಂಟು ಎಂಬ ವಿಚಿತ್ರ ನ್ಯಾಯ ಇಲ್ಲಿದೆ.

ಇಷ್ಟಾಗಿಯೂ ಈ ದೋಷಗಳೆಲ್ಲ ಕಣ್ಣಿಗೆ ಕಾಣುವಂಥವು, ಕೈಗೆ ಸಿಗುವಂಥವು. ಮೊಬೈಲ್ ರಿಪೇರಿ ಅಂಗಡಿ ಇಲ್ಲದ ಪೇಟೆ ನಮ್ಮ ಜಿಲ್ಲೆಯಲ್ಲಿಲ್ಲ. ಬೆಸುಗೆ ಹಾಕಬಲ್ಲ ಹುಡುಗ ಹಳೆಯ ಸ್ವಿಚ್ ಕಿತ್ತು ಹೊಸದನ್ನು ಕೂರಿಸಲು ಹೆಚ್ಚು ಹೊತ್ತು ತೆಗೆದುಕೊಳ್ಳುವುದಿಲ್ಲ, ಬಿಡಿ ಸ್ವಿಚ್‌ನ ಬೆಲೆಯೂ ಮೌಸ್‌ನ ಬೆಲೆಯ ಮುಂದೆ ಲೆಕ್ಕಕ್ಕಿಲ್ಲ. ಅಂಟುವ ಲೇಪನವನ್ನು ಸ್ಪಿರಿಟ್ ಹಚ್ಚಿ ಉಜ್ಜಿ ತೆಗೆಯಬಹುದು. ಮುಂದಕ್ಕೆ ತಿರುಗಿಸಿದರೆ ಹಿಂದಕ್ಕೆ ಹಾರುವ ಸ್ಕ್ರಾಲ್ ಚಕ್ರವನ್ನು ಬಿಚ್ಚಿ ಸ್ವಚ್ಛ ಮಾಡಬಹುದು. ಸ್ಕ್ರೂಗಳನ್ನು ಅಡಿಯ ಜಾರುಪಟ್ಟಿಗಳ ಕೆಳಗೆ ಬಚ್ಚಿಟ್ಟು, ಬ್ಯಾಟರಿಯನ್ನು ಒಳಗೆ ಮುಚ್ಚಿ ಕಂಪನಿಗಳು ಈ ಕೆಲಸವನ್ನು ಕಷ್ಟವಾಗಿಸಿವೆಯೇ ಹೊರತು ಅಸಾಧ್ಯವಾಗಿಸಿಲ್ಲ.

ತಂತ್ರಾಂಶಕ್ಕೆ ಬರುವ ಮೊದಲು, ಮೌಸ್ ಕೆಲಸ ಮಾಡಲು ಅದು ಬೇಕೇ ಬೇಕೆಂಬ ತಪ್ಪು ಕಲ್ಪನೆಯನ್ನು ಬದಿಗಿಡಬೇಕು. ಯುಎಸ್‌ಬಿ ವ್ಯವಸ್ಥೆಯಲ್ಲಿ ಮೌಸ್ ಮತ್ತು ಕೀಬೋರ್ಡ್‌ಗಳಿಗೆಂದೇ ಎಚ್‌ಐಡಿ ಎಂಬ ಮಾನದಂಡವೊಂದು 1990ರ ದಶಕದಿಂದಲೇ ಇದೆ. ಮೌಸನ್ನು ಚುಚ್ಚಿದೊಡನೆ ಅದು ತನಗೆಷ್ಟು ಬಟನ್‌ಗಳಿವೆ, ಚಕ್ರವಿದೆಯೇ ಎಂಬ ವಿವರವನ್ನು ಕಂಪ್ಯೂಟರ್‌ಗೆ ತಾನೇ ಒಪ್ಪಿಸುತ್ತದೆ; ಕಾರ್ಯಾಚರಣಾ ವ್ಯವಸ್ಥೆಯೊಳಗೆ ಮೊದಲೇ ಇರುವ ಡ್ರೈವರ್ ಉಳಿದದ್ದನ್ನು ನೋಡಿಕೊಳ್ಳುತ್ತದೆ. ಎಡ, ಬಲ, ನಡು, ಹಿಂದೆ, ಮುಂದೆ ಎಂಬ ಐದು ಬಟನ್‌ಗಳನ್ನು ವಿಂಡೋಸ್ ಯಾರ ಸಹಾಯವೂ ಇಲ್ಲದೆ ಗುರುತಿಸುತ್ತದೆ. ಯಾವುದೋ ಸಂಘದ ಮೂಲೆಯಲ್ಲಿ ಇನ್ನೂ ಓಡುತ್ತಿರುವ ಹಳೆಯ ವಿಂಡೋಸ್ ಕಂಪ್ಯೂಟರ್‌ಗೆ ನಿನ್ನೆ ಕೊಂಡ ಮೌಸನ್ನು ಜೋಡಿಸಿದರೂ ಪಾಯಿಂಟರ್ ಅಲುಗಾಡುವುದು ಈ ಮಾನದಂಡದ ದಯೆಯಿಂದ. ಕಂಪ್ಯೂಟರ್ ಲೋಕದಲ್ಲಿ ಇಷ್ಟು ದೀರ್ಘಕಾಲ ಮಾತು ಉಳಿಸಿಕೊಂಡ ಒಪ್ಪಂದಗಳು ಹೆಚ್ಚಿಲ್ಲ.

ಕಂಪನಿಯ ತಂತ್ರಾಂಶ ಬೇಕಾಗುವುದು ಈ ಒಪ್ಪಂದದಾಚೆಗಿನ ಕೆಲಸಗಳಿಗೆ: ಬಟನ್‌ಗೆ ಬೇರೆ ಕೆಲಸ ವಹಿಸುವುದು, ಡಿಪಿಐ ಹಂತಗಳನ್ನು ಹೊಂದಿಸುವುದು, ಬಟನ್ ಒತ್ತಿ ಹಿಡಿದು ಮೌಸ್ ಸರಿಸಿದರೆ ವಿಂಡೋ ಬದಲಾಗುವಂತೆ ಮಾಡುವುದು. ಇಲ್ಲಿ ಒಂದು ಭೇದವನ್ನು ಸ್ಪಷ್ಟವಾಗಿ ಗುರುತಿಸಬೇಕು, ಏಕೆಂದರೆ ಇಡೀ ಚರ್ಚೆ ನಿಂತಿರುವುದು ಇದರ ಮೇಲೆ. ಕೆಲವು ಮೌಸ್‌ಗಳಲ್ಲಿ ಸೆಟ್ಟಿಂಗ್‌ಗಳು ಮೌಸ್‌ನ ಒಳಗಿನ ಸ್ಮೃತಿಯಲ್ಲೇ ಬರೆದಿಡಲ್ಪಡುತ್ತವೆ. ಒಮ್ಮೆ ಹೊಂದಿಸಿ ತಂತ್ರಾಂಶವನ್ನು ಅಳಿಸಿಹಾಕಿದರೂ, ಮೌಸನ್ನು ಕುಮಟಾದಿಂದ ಭಟ್ಕಳಕ್ಕೆ ಒಯ್ದು ಬೇರೊಬ್ಬರ ಕಂಪ್ಯೂಟರ್‌ಗೆ ಚುಚ್ಚಿದರೂ ಬಟನ್‌ಗಳು ಹೇಳಿದ ಕೆಲಸವನ್ನೇ ಮಾಡುತ್ತವೆ. ಇನ್ನು ಕೆಲವು ಮೌಸ್‌ಗಳಲ್ಲಿ ಸೆಟ್ಟಿಂಗ್‌ಗಳು ಕಂಪ್ಯೂಟರ್‌ನಲ್ಲಿರುವ ತಂತ್ರಾಂಶದ ಬಳಿಯೇ ಇರುತ್ತವೆ. ಮೌಸ್ ಬಟನ್ ಒತ್ತಿದ ಸುದ್ದಿಯನ್ನಷ್ಟೇ ಕಳಿಸುತ್ತದೆ, ಅದರ ಅರ್ಥವನ್ನು ಸದಾ ಹಿನ್ನೆಲೆಯಲ್ಲಿ ಓಡುತ್ತಿರುವ ತಂತ್ರಾಂಶ ನಿರ್ಧರಿಸುತ್ತದೆ. ತಂತ್ರಾಂಶ ನಿಂತರೆ ಅರ್ಥವೂ ನಿಂತಿತು. ಆಶ್ಚರ್ಯವೆಂದರೆ, ಮೊದಲ ಬಗೆಯ ಸೌಲಭ್ಯ ಹೆಚ್ಚಾಗಿ ಸಿಗುವುದು ಆಟಗಾರರಿಗೆಂದು ಮಾಡಿದ ಮೌಸ್‌ಗಳಲ್ಲಿ. ದುಡಿಯುವವರಿಗೆಂದೇ ಮಾರುವ, ಹತ್ತು ಸಾವಿರದ ಆಸುಪಾಸಿನ ಲಾಜಿಟೆಕ್‌ನ ಎಂಎಕ್ಸ್ ಮಾಸ್ಟರ್ ಸರಣಿಯಲ್ಲಿ ಬಟನ್‌ಗಳ ಹೊಂದಾಣಿಕೆ ತಂತ್ರಾಂಶವನ್ನೇ ನೆಚ್ಚಿಕೊಂಡಿದೆ. 2015ರಲ್ಲಿ ಶುರುವಾದ ಈ ಸರಣಿಯ ಆಕಾರ, ಚಕ್ರ, ಹೆಬ್ಬೆರಳಿನ ಅಡ್ಡಚಕ್ರ ಇವುಗಳನ್ನು ಮೆಚ್ಚದವರು ಕಡಿಮೆ, ನಾನೂ ಮೆಚ್ಚುತ್ತೇನೆ. ಹಾಗೆ ಮೆಚ್ಚುವ ಕಾರಣಕ್ಕೇ ಈ ಅವಲಂಬನೆ ಹೆಚ್ಚು ಅಸಮಾಧಾನ ತರುತ್ತದೆ.

ತಂತ್ರಾಂಶದ ಪರವಾಗಿಯೂ ಹೇಳಬೇಕಾದದ್ದಿದೆ. ಕೋರಲ್‌ಡ್ರಾದಲ್ಲಿ ಅಡ್ಡಚಕ್ರ ಪುಟವನ್ನು ಹಿಗ್ಗಿಸಬೇಕು, ಎಕ್ಸೆಲ್‌ನಲ್ಲಿ ಅದೇ ಚಕ್ರ ಅಡ್ಡಕ್ಕೆ ಸರಿಸಬೇಕು ಎಂದರೆ, ಯಾವ ವಿಂಡೋ ಎದುರಿಗಿದೆ ಎಂಬುದು ಯಾರಿಗಾದರೂ ತಿಳಿಯಬೇಕು. ಮೌಸ್‌ಗೆ ಅದು ತಿಳಿಯುವ ದಾರಿಯಿಲ್ಲ, ಕಂಪ್ಯೂಟರ್‌ನಲ್ಲಿ ಓಡುವ ತಂತ್ರಾಂಶಕ್ಕೆ ಮಾತ್ರ ತಿಳಿಯುತ್ತದೆ. ಸವೆದ ಸ್ವಿಚ್‌ನ ಡಬಲ್ ಕ್ಲಿಕ್ಕನ್ನು ಸಹ, ಎರಡು ಒತ್ತುವಿಕೆಗಳ ನಡುವೆ ಇರಬೇಕಾದ ಕನಿಷ್ಠ ಅಂತರವನ್ನು ಕೆಲವು ಮಿಲಿಸೆಕೆಂಡುಗಳಷ್ಟು ಹೆಚ್ಚಿಸಿ ತಂತ್ರಾಂಶದ ಮೂಲಕವೇ ಕೆಲಕಾಲ ಮುಚ್ಚಿಡಬಹುದು. ಆದ್ದರಿಂದ ತಂತ್ರಾಂಶವೇ ಬೇಡವೆಂಬ ವಾದ ನನ್ನದಲ್ಲ. ಮೌಸ್‌ನೊಳಗೆ ಇಡಬಹುದಾದದ್ದನ್ನೂ ಹೊರಗಿಟ್ಟು, ಆ ನೆಪದಲ್ಲಿ ಕಂಪ್ಯೂಟರ್‌ನೊಳಗೆ ಕಾಯಂ ಠಿಕಾಣಿ ಹೂಡುವುದು ಏಕೆ ಎಂಬುದೇ ಪ್ರಶ್ನೆ.

ಉತ್ತರ ಭಾಗಶಃ ತಾಂತ್ರಿಕ. ಹತ್ತಾರು ಮಾದರಿಗಳಿಗೆ ಒಂದೇ ತಂತ್ರಾಂಶ ಮಾಡಿದರೆ ಕಂಪನಿಗೆ ಖರ್ಚು ಉಳಿಯುತ್ತದೆ, ಆದರೆ ಒಂದು ಮೌಸ್ ಕೊಂಡವರ ಕಂಪ್ಯೂಟರ್‌ಗೆ ಕೀಬೋರ್ಡ್, ಹೆಡ್‌ಸೆಟ್, ಬಣ್ಣದ ದೀಪಗಳ ಸಂಸಾರವೂ ಬಂದು ಸೇರುತ್ತದೆ. ಜಿ ಹಬ್‌ನಂಥ ತಂತ್ರಾಂಶಗಳನ್ನು ವೆಬ್ ಬ್ರೌಸರ್‌ನ ತಿರುಳನ್ನೇ ಒಳಗಿಟ್ಟು ಕಟ್ಟುವುದರಿಂದ ಗಾತ್ರ ನೂರಾರು ಮೆಗಾಬೈಟ್‌ಗೆ ಏರುತ್ತದೆ. ಬೆಂಗಳೂರಿನ ಫೈಬರ್ ಸಂಪರ್ಕದಲ್ಲಿ ಇದು ಗಮನಕ್ಕೂ ಬರುವುದಿಲ್ಲ. ಮಳೆ ಜೋರಾದೊಡನೆ ಕರೆಂಟು, ಅದರ ಬೆನ್ನಿಗೇ ಮೊಬೈಲ್ ಸಿಗ್ನಲ್ಲು ಹೋಗುವ ಕಾಡೊಳಗಿನ ಊರಿನಲ್ಲಿ, ಮೌಸ್‌ನ ಒಂದು ಬಟನ್ ಹೊಂದಿಸಲು ಅಷ್ಟನ್ನು ಇಳಿಸಿಕೊಳ್ಳುವುದು ಒಂದು ಸಂಜೆಯ ಕೆಲಸ.

ಉಳಿದ ಭಾಗ ವ್ಯಾಪಾರದ್ದು. ಮೌಸ್ ಒಮ್ಮೆ ಮಾರಿದರೆ ಮುಗಿಯಿತು, ತಂತ್ರಾಂಶ ಗ್ರಾಹಕರೊಂದಿಗೆ ದಿನವೂ ಸಂಪರ್ಕ ಇಟ್ಟುಕೊಳ್ಳುತ್ತದೆ. 2012ರ ಸುಮಾರಿಗೆ ರೇಜರ್‌ನ ಸಿನಾಪ್ಸ್ ತಂತ್ರಾಂಶ ಖಾತೆ ತೆರೆದು ಲಾಗಿನ್ ಆಗಬೇಕೆಂದಾಗ ಬಳಕೆದಾರರು ಜೋರಾಗಿಯೇ ಪ್ರತಿಭಟಿಸಿದ್ದರು. 2024ರ ಏಪ್ರಿಲ್‌ನಲ್ಲಿ ಲಾಜಿಟೆಕ್ ತನ್ನ ಮೌಸ್ ತಂತ್ರಾಂಶಕ್ಕೆ ಚಾಟ್‌ಜಿಪಿಟಿಯನ್ನು ಕರೆಯುವ ಭಾಗವೊಂದನ್ನು ಸೇರಿಸಿತು, ಯಾರು ಕೇಳಿದ್ದರೋ ತಿಳಿಯದು. ಅದೇ ವರ್ಷದ ಜುಲೈಯಲ್ಲಿ ಕಂಪನಿಯ ಮುಖ್ಯ ಕಾರ್ಯನಿರ್ವಾಹಕಿ ಹಾನೆಕೆ ಫೇಬರ್, ಎಂದೂ ಎಸೆಯಬೇಕಿಲ್ಲದ, ತಂತ್ರಾಂಶದ ಮೂಲಕ ಹೊಸತಾಗುತ್ತ ಹೋಗುವ 'ಫಾರೆವರ್ ಮೌಸ್' ಕುರಿತು ಸಂದರ್ಶನವೊಂದರಲ್ಲಿ ಮಾತನಾಡಿದರು. ಅದಕ್ಕೆ ಚಂದಾ ಕಟ್ಟುವ ಸಾಧ್ಯತೆಯೂ ಆ ಮಾತಿನಲ್ಲಿ ಬಂತು. ಟೀಕೆಗಳೆದ್ದ ಮೇಲೆ, ಅಂಥ ಯೋಜನೆ ತನ್ನ ಮುಂದಿಲ್ಲವೆಂದು ಕಂಪನಿ ಸ್ಪಷ್ಟಪಡಿಸಿತು. ಯೋಜನೆ ಇಲ್ಲದಿರಬಹುದು, ಯೋಚನೆ ಯಾವ ಕಡೆಗೆ ಹರಿಯುತ್ತಿದೆ ಎಂಬುದು ಮಾತ್ರ ಗೊತ್ತಾಯಿತು.

ಕಂಪ್ಯೂಟರ್‌ನೊಳಗೆ ಸದಾ ಎಚ್ಚರವಾಗಿರುವ ತಂತ್ರಾಂಶ ಇನ್ನೊಂದು ಅಪಾಯವನ್ನೂ ಹೊತ್ತು ತರುತ್ತದೆ. 2018ರ ಡಿಸೆಂಬರ್‌ನಲ್ಲಿ ಗೂಗಲ್‌ನ ಭದ್ರತಾ ದೋಷಗಳನ್ನು ಹುಡುಕುವ ಪ್ರಾಜೆಕ್ಟ್ ಝೀರೋ ತಂಡ ಬಹಿರಂಗಪಡಿಸಿದ ದೋಷದಿಂದಾಗಿ, ಲಾಜಿಟೆಕ್ ಆಪ್ಷನ್ಸ್ ಇದ್ದ ಕಂಪ್ಯೂಟರ್‌ನಲ್ಲಿ ಯಾವುದೋ ಜಾಲತಾಣವನ್ನು ತೆರೆದರೆ ಆ ತಾಣವೇ ಕೀಲಿ ಒತ್ತಿದಂತೆ ಆದೇಶ ಕಳಿಸುವ ಸಾಧ್ಯತೆಯಿತ್ತು. 2021ರ ಆಗಸ್ಟ್‌ನಲ್ಲಿ ಹೊರಬಂದ ರೇಜರ್‌ನ ದೋಷ ಇನ್ನೂ ಸರಳವಾದದ್ದು: ಮೌಸನ್ನೋ ಅದರ ವೈರ್‌ಲೆಸ್ ಸಂಕೇತ ಹಿಡಿಯುವ ಪುಟ್ಟ ಡಾಂಗಲನ್ನೋ ಚುಚ್ಚಿದೊಡನೆ ವಿಂಡೋಸ್ ತಾನಾಗಿಯೇ ಸಿನಾಪ್ಸ್ ಇಳಿಸಿ ಅತ್ಯುನ್ನತ ಅಧಿಕಾರದೊಂದಿಗೆ ಓಡಿಸುತ್ತಿತ್ತು, ಎದುರಿಗೆ ಕುಳಿತವರು ಆ ಹಂತದಲ್ಲೇ ಆ ಅಧಿಕಾರವನ್ನು ವಶಪಡಿಸಿಕೊಳ್ಳಬಹುದಿತ್ತು. ಎರಡನ್ನೂ ಆಮೇಲೆ ಸರಿಪಡಿಸಲಾಯಿತು. ಆದರೆ ಹತ್ತು ಕೈಗಳು ಮುಟ್ಟುವ ಗ್ರಾಮ ಒನ್ ಕೇಂದ್ರದ, ಕಾಲೇಜು ಪ್ರಯೋಗಾಲಯದ ಕಂಪ್ಯೂಟರ್‌ಗಳಲ್ಲಿ ಮೌಸ್‌ಗೆ ಇಷ್ಟು ಸಲಿಗೆ ಕೊಡಬೇಕೇ ಎಂದು ಅಲ್ಲಿನ ಮೇಲ್ವಿಚಾರಕರು ಯೋಚಿಸಬೇಕು. ತಂತ್ರಾಂಶ ಹಾಕದಿದ್ದರೆ ಪೂರ್ಣ ಸುರಕ್ಷಿತವೆಂದೂ ಅಲ್ಲ. 2016ರಲ್ಲಿ ಬೆಳಕಿಗೆ ಬಂದ 'ಮೌಸ್‌ಜ್ಯಾಕ್' ದೋಷ ಇದ್ದದ್ದು ಹಲವು ಕಂಪನಿಗಳ ವೈರ್‌ಲೆಸ್ ಡಾಂಗಲ್‌ಗಳ ಒಳಗೆ. ಅದನ್ನು ಮುಚ್ಚಲು ಡಾಂಗಲ್‌ನೊಳಗೇ ಇರುವ ತಂತ್ರಾಂಶವಾದ ಫರ್ಮ್‌ವೇರ್ ಬದಲಿಸಬೇಕಿತ್ತು, ಬದಲಿಸಲಾಗದ ಡಾಂಗಲ್‌ಗಳೂ ಇದ್ದವು. ಹಣಕಾಸಿನ ಕೆಲಸ ನಡೆಯುವ ಮೇಜಿಗೆ ತಂತಿಯ ಮೌಸ್ ಇಂದಿಗೂ ಉತ್ತಮ ಆಯ್ಕೆ.

ತಯಾರಕರೇ ಕಣದಿಂದ ಹಿಂದೆ ಸರಿದರೆ? ಚಕ್ರವಿರುವ ಮೌಸನ್ನು 1996ರಿಂದ ಮನೆಮನೆಗೆ ತಲುಪಿಸಿದ ಮೈಕ್ರೋಸಾಫ್ಟ್, ತನ್ನ ಹೆಸರಿನ ಮೌಸ್ ಮತ್ತು ಕೀಬೋರ್ಡ್‌ಗಳನ್ನು ಇನ್ನು ಮಾಡುವುದಿಲ್ಲವೆಂದು 2023ರಲ್ಲಿ ಹೇಳಿತು. ಆ ಮೌಸ್‌ಗಳು ಎಚ್‌ಐಡಿ ಮಾನದಂಡದಿಂದಾಗಿ ಇಂದಿಗೂ ನಡೆಯುತ್ತವೆ. ತಂತ್ರಾಂಶವನ್ನೇ ನೆಚ್ಚಿದ ಮೌಸ್‌ನ ಕಂಪನಿ ಹೀಗೆ ನಿರ್ಧರಿಸಿದರೆ ಐದು ಬಟನ್‌ಗಳಾಚೆಗಿನದು ಬರೀ ಅಲಂಕಾರವಾಗಿ ಉಳಿಯುತ್ತದೆ. ಈ ಶೂನ್ಯವನ್ನು ತುಂಬುತ್ತಿರುವವರು ಹೆಚ್ಚಾಗಿ ಹೊರಗಿನವರು. ಲಿನಕ್ಸ್‌ನಲ್ಲಿ ಲಾಜಿಟೆಕ್ ಮೌಸ್‌ಗಳಿಗೆ ಸೋಲಾರ್ ಎಂಬ ಮುಕ್ತ ತಂತ್ರಾಂಶವಿದೆ, ರೇಜರ್‌ಗೆ ಓಪನ್‌ರೇಜರ್ ಇದೆ, ಹಲವು ಕಂಪನಿಗಳ ಮೌಸ್‌ಗಳ ಒಳಸ್ಮೃತಿಯನ್ನು ತಿದ್ದಬಲ್ಲ ಪೈಪರ್ ಇದೆ. ವಿಂಡೋಸ್‌ನಲ್ಲಿ ಎಕ್ಸ್-ಮೌಸ್ ಬಟನ್ ಕಂಟ್ರೋಲ್ ಎಂಬ ಪುಟ್ಟ ಉಚಿತ ತಂತ್ರಾಂಶ ಐದು ಬಟನ್‌ಗಳಿಗೆ, ಅದೂ ಬೇರೆ ಬೇರೆ ತಂತ್ರಾಂಶಗಳಿಗೆ ಬೇರೆ ಬೇರೆಯಾಗಿ, ಕೆಲಸ ಹಂಚುತ್ತದೆ. ಖಾತೆಯನ್ನೂ ಕೇಳುವುದಿಲ್ಲ, ಯಾವ ಕಂಪನಿಯ ಮೌಸ್ ಎಂದೂ ಕೇಳುವುದಿಲ್ಲ. ಲಾಜಿಟೆಕ್ ಸಹ ತನ್ನ ಆಟದ ಮೌಸ್‌ಗಳಿಗೆ, ಒಳಸ್ಮೃತಿಗೆ ಬರೆದು ಪಕ್ಕಕ್ಕಿಡಬಹುದಾದ ಹಗುರ ಸಾಧನವೊಂದನ್ನು ಕೊಟ್ಟಿದೆ. ಮಾಡಲು ಬರುವುದಿಲ್ಲವೆಂಬ ನೆಪಕ್ಕೆ ಇಲ್ಲಿ ಜಾಗವಿಲ್ಲ.

ಕಾನೂನು ಈ ಪ್ರಶ್ನೆಯ ಹತ್ತಿರಕ್ಕೆ ಬರತೊಡಗಿದೆ. ಐರೋಪ್ಯ ಒಕ್ಕೂಟದ ಸೈಬರ್ ರೆಸಿಲಿಯೆನ್ಸ್ ಕಾಯ್ದೆಯ ಮುಖ್ಯ ಕಟ್ಟುಪಾಡುಗಳು 2027ರ ಡಿಸೆಂಬರ್ 11ರಿಂದ ಜಾರಿಯಾಗಲಿದ್ದು, ಡಿಜಿಟಲ್ ಅಂಶವಿರುವ ಉತ್ಪನ್ನಗಳಿಗೆ ಸಾಮಾನ್ಯವಾಗಿ ಕನಿಷ್ಠ ಐದು ವರ್ಷ ಸುರಕ್ಷತಾ ಪರಿಷ್ಕರಣೆ ಒದಗಿಸಬೇಕಾಗುತ್ತದೆ. ಭಾರತದಲ್ಲಿ 2022ರ ಡಿಸೆಂಬರ್‌ನಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ಆರಂಭವಾಯಿತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಐದು ಲಕ್ಷ ರೂಪಾಯಿವರೆಗಿನ ವಸ್ತುವಿನ ಬಗ್ಗೆ ಜಿಲ್ಲಾ ಆಯೋಗಕ್ಕೆ ಶುಲ್ಕವಿಲ್ಲದೆ ದೂರು ಕೊಡಬಹುದು. ಪೆಟ್ಟಿಗೆಯ ಮೇಲೆ ಅಚ್ಚಾದ ಸೌಲಭ್ಯವೊಂದು ತಂತ್ರಾಂಶ ಕೈಕೊಟ್ಟ ಕಾರಣಕ್ಕೆ ಇಲ್ಲವಾದರೆ ಅದೂ ವಸ್ತುವಿನ ದೋಷವೇ ಎಂದು ಯಾರಾದರೂ ಕಾರವಾರದ ಆಯೋಗದೆದುರು ವಾದಿಸಿದರೆ, ಆ ವಾದದಲ್ಲಿ ಹುರುಳಿದೆ ಎಂದು ನನಗೆ ತೋರುತ್ತದೆ. ಆದರೆ ಒಂದು ಮೌಸ್‌ಗಾಗಿ ಹೊನ್ನಾವರದಿಂದಲೋ ಹಳಿಯಾಳದಿಂದಲೋ ಕಾರವಾರಕ್ಕೆ ಅಲೆಯುವವರು ಎಷ್ಟು ಮಂದಿ?

ಅದಕ್ಕಿಂತ ಕೊಳ್ಳುವ ಹಂತದಲ್ಲೇ ವಿಚಾರಿಸುವುದು ಕಡಿಮೆ ಖರ್ಚಿನದು. ಅಂಗಡಿಯಲ್ಲಿ ಪರೀಕ್ಷಿಸಲು ಬಿಟ್ಟರೆ, ತಂತ್ರಾಂಶವಿರುವ ಕಂಪ್ಯೂಟರ್‌ನಲ್ಲಿ ಒಂದು ಬಟನ್‌ನ ಕೆಲಸ ಬದಲಿಸಿ, ತಂತ್ರಾಂಶವೇ ಇಲ್ಲದ ಇನ್ನೊಂದು ಕಂಪ್ಯೂಟರ್‌ಗೆ ಮೌಸನ್ನು ಚುಚ್ಚಿ ಅದೇ ಬಟನ್ ಒತ್ತಿ ನೋಡಿದರೆ ಸೆಟ್ಟಿಂಗ್ ಎಲ್ಲಿದೆಯೆಂಬುದು ಕ್ಷಣದಲ್ಲಿ ತಿಳಿಯುತ್ತದೆ. ಹತ್ತಿಪ್ಪತ್ತು ಮೌಸ್‌ಗಳನ್ನು ಒಟ್ಟಿಗೆ ಕೊಳ್ಳುವ ಸಹಕಾರಿ ಸಂಘಗಳಿಗೂ ಕಾಲೇಜುಗಳಿಗೂ ಇನ್ನೂ ಸುಲಭವಾದ ದಾರಿಯಿದೆ. ಈಗ ಕೊಟೇಶನ್ ಕರೆಯುವಾಗ ಡಿಪಿಐ, ವೈರ್‌ಲೆಸ್, ಒಂದು ವರ್ಷದ ವಾರಂಟಿ ಎಂದಷ್ಟೇ ಬರೆಯುವ ಕಡೆ, ಬಟನ್‌ಗಳ ಸೆಟ್ಟಿಂಗ್ ಮೌಸ್‌ನೊಳಗೇ ಉಳಿಯಬೇಕು, ತಂತ್ರಾಂಶದ ಪೂರ್ಣ ಫೈಲನ್ನು ಅಂತರ್ಜಾಲವಿಲ್ಲದೆ ಹಾಕುವಂತೆ ಕೊಡಬೇಕು, ಬ್ಯಾಟರಿ ಬಳಕೆದಾರರೇ ಬದಲಿಸುವಂಥದ್ದಾಗಿರಬೇಕು ಎಂಬ ಮೂರು ಷರತ್ತುಗಳನ್ನು ಸೇರಿಸಿದರೆ, ಮಾರಾಟಗಾರರು ಮೊದಲ ಬಾರಿಗೆ ಆ ವಿವರಗಳನ್ನು ಹುಡುಕಿ ತಿಳಿದುಕೊಂಡು ಬರಬೇಕಾಗುತ್ತದೆ.